ಹುಡುಗನಿಗೆ ಟೀ ಆಗುತ್ತೆ

ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಬೆಳಿಗ್ಗೆ ಕಾಫಿ, ಮಧ್ಯಾಹ್ನ ಕಾಫಿ, ಯಾರಾದರೂ ಬಂದರೆ ಕಾಫಿ, ಅವರು ಹೊರಟುಹೋದರೆ ಆ ಸಂತೋಷಕ್ಕೆ ಇನ್ನೊಂದು ಕಾಫಿ. ಟೀ ಎಂಬುದು ಮನೆಯೊಳಗೆ ಕಾಲಿಟ್ಟಿರಲಿಲ್ಲ. ಹೀಗಿರುವಾಗ, ಐವತ್ತರ ದಶಕದ ಮೊದಲಲ್ಲಿ, ಬೊಂಬಾಯಿಯಲ್ಲಿ ಕೆಲಸದಲ್ಲಿದ್ದ ಒಬ್ಬ ಹುಡುಗ ನನ್ನನ್ನು ನೋಡಲು ಬರುವುದೆಂದಾಯಿತು. ಸಂಬಂಧ ತಂದವರು ಹೊರಡುವಾಗ ಚಪ್ಪಲಿ ಮೆಟ್ಟಿಕೊಳ್ಳುತ್ತಾ, "ಹುಡುಗನಿಗೆ ಟೀ ಆಗುತ್ತೆ" ಎಂದರು. ಅಷ್ಟು ಸಾಕಾಯಿತು.

ಫೋಟೋದಲ್ಲೇ ಹುಡುಗ ನನಗೆ ಹಿಡಿಸಿದ್ದ. ಅದಕ್ಕೆ ಮುಂಚೆ ಬಂದಿದ್ದ ಇಬ್ಬರು ಹೊಟ್ಟೆ ತುಂಬ ಉಪ್ಪಿಟ್ಟು ತಿಂದು, ಕಾಗದ ಬರೆಯುತ್ತೇವೆಂದು ಹೋದವರು ಇನ್ನೂ ಬರೆಯುತ್ತಲೇ ಇದ್ದರು. ಈ ಸಂಬಂಧ ಮಾತ್ರ ತಪ್ಪಬಾರದೆಂದು ನನಗೆ ಬಹಳ ಆಸೆಯಿತ್ತು. ಆದರೆ ನನ್ನನ್ನು ಕೇಳುವವರು ಯಾರು? ಎಲ್ಲರೂ ಟೀ ವಿಚಾರದಲ್ಲಿ ಮುಳುಗಿದ್ದರು.

ಮನೆಯಲ್ಲಿ ಇಬ್ಬರು ಪಂಡಿತರು ಹುಟ್ಟಿಕೊಂಡರು. ನಮ್ಮ ತಂದೆ ಒಮ್ಮೆ ಗುಂತಕಲ್ ಸ್ಟೇಷನ್ನಿನಲ್ಲಿ ಟೀ ಕುಡಿದಿದ್ದರು. ಸೋದರಮಾವ ಕುಡಿದವರಲ್ಲ, ಆದರೆ ಆಫೀಸಿನಲ್ಲಿ ಸಾಹೇಬರಿಗೆ ಜವಾನ ಟೀ ಒಯ್ಯುವುದನ್ನು ವರ್ಷಗಟ್ಟಲೆ ನೋಡಿದ್ದರು.

"ಕುದಿಯೋ ನೀರಲ್ಲಿ ಪುಡಿ ನೆನೆಹಾಕಿ, ಹಾಲು ಕೊನೇಲಿ ಹಾಕ್ಬೇಕು" ಎಂದರು ತಂದೆ.

"ಅದು ಕಾಯಿಲೆಯವರಿಗೆ ಭಾವ. ಹಾಲು, ಪುಡಿ, ಸಕ್ಕರೆ ಎಲ್ಲಾ ಒಟ್ಟಿಗೇ ಕುದಿಸ್ಬೇಕು."

"ನೀನು ಕುಡಿದಿದೀಯೇನು?"

"ಕುಡಿದ್ಮೇಲೆ ಸಾಹೇಬರ ಮುಖ ನೋಡಿದೀನಲ್ಲ."

ಮೂರು ದಿನ ಇದೇ ಚರ್ಚೆ. ಬೇಸತ್ತ ಅಮ್ಮ, ಹುಡುಗ ಬರುವ ದಿನ, ಯಾರನ್ನೂ ಕೇಳದೆ ಟೀ ಪುಡಿಯನ್ನು ಕಾಫಿ ಫಿಲ್ಟರಿಗೆ ಹಾಕಿ, ಚೆನ್ನಾಗಿ ಒತ್ತಿ, ಬಿಸಿನೀರು ಸುರಿದು ಮುಚ್ಚಿಟ್ಟಳು. ಪುಡಿ ಉಬ್ಬಿ ತೂತುಗಳನ್ನೆಲ್ಲ ಮುಚ್ಚಿಕೊಂಡಿತು. ಕೆಳಗೆ ಒಂದು ತೊಟ್ಟೂ ಇಳಿಯಲಿಲ್ಲ.

ಬಂದವರು ಉಪ್ಪಿಟ್ಟು, ಕೇಸರಿಬಾತು ಮುಗಿಸಿದರು. ಟೀ ತಟ್ಟೆ ಹಿಡಿದು ನಾನು ಹೊರಗೆ ಬರಬೇಕು, ಆಗ ಅವರು ನನ್ನನ್ನು ನೋಡಬೇಕು, ಕ್ರಮ ಹಾಗೆ. ಟೀ ಇಲ್ಲದೆ ನಾನಿಲ್ಲ. ಮಾವ ಹಿತ್ತಲಿಗೆ ಹೋಗಿ ಇದ್ದಲೊಲೆ ಹೊತ್ತಿಸಿದರು. ಅವರು ಹಾಲನ್ನು ಮೊದಲೇ ಹಾಕಿಬಿಟ್ಟಾರೆಂದು ತಂದೆ ಕಾವಲಿಗೆ ಓಡಿದರು. ಅಮ್ಮ ಹಜಾರದಲ್ಲಿ ಬೀಗಿತ್ತಿಯಾಗಬೇಕಾದವರ ಜೊತೆ ಹವಾಮಾನದ ಮಾತಾಡುತ್ತಿದ್ದಳು. ನಾನು ರೇಷ್ಮೆ ಸೀರೆಯುಟ್ಟು ಅಡಿಗೆಮನೆಯಲ್ಲಿ ನಿಂತು ಫಿಲ್ಟರನ್ನು ಅಂಗೈಗೆ ಬಡಿಯುತ್ತಿದ್ದೆ.

ಕೈ ತೊಳೆಯಲು ಬಚ್ಚಲಿಗೆ ಹೋಗಬೇಕಾದರೆ ಅಡಿಗೆಮನೆ ದಾಟಲೇಬೇಕು. ಹುಡುಗ ಬಂದ. ನನ್ನನ್ನೂ ಫಿಲ್ಟರನ್ನೂ ನೋಡಿದ.

"ಏನಾಗಿದೆ ಅದಕ್ಕೆ?"

"ಟೀ ಇಳೀತಿಲ್ಲ."

"ಫಿಲ್ಟರಲ್ಲಿ ಟೀನಾ? ಕಾಫೀನೇ ಸಾಕಿತ್ತಲ್ಲ."

"ನಿಮಗೆ ಟೀನೇ ಆಗ್ಬೇಕಂತೆ."

"ಟೀ ಆಗುತ್ತೆ ಅಂದಿದ್ದೆ ಅಷ್ಟೆ. ಕಾಫೀನೂ ಆಗುತ್ತೆ. ಮಜ್ಜಿಗೆ ಕೊಟ್ರೂ ಆಗುತ್ತೆ."

ಮೂರು ದಿನದ ಸಿಟ್ಟು ಒಟ್ಟಿಗೇ ಏರಿತು. "ಎಲ್ಲಾ ಆಗುತ್ತೆ, ಸರಿ. ನಾನು ಆಗ್ತೀನಾ?" ಎಂದುಬಿಟ್ಟೆ.

ಹುಡುಗ ಕಿವಿಯವರೆಗೂ ಕೆಂಪಾದ. "ಅಮ್ಮನಿಗೆ ಈಗ್ಲೇ ಹೇಳ್ಬಿಡ್ತೀನಿ" ಎಂದು, ಕೈ ತೊಳೆಯುವುದನ್ನೂ ಮರೆತು ಹಜಾರಕ್ಕೆ ಹೋದ.

ಹಿತ್ತಲಿನಿಂದ ಹೊಗೆ ವಾಸನೆಯ ಟೀ ಒಳಗೆ ಬರುವ ಹೊತ್ತಿಗೆ ಹುಡುಗನ ತಾಯಿ ಹೂವು ತರಿಸಿ ಎನ್ನುತ್ತಿದ್ದರು. ಹಾಲು ಕೊನೆಯಲ್ಲಿ ಹಾಕಿಸಿದ್ದರಿಂದಲೇ ಸಂಬಂಧ ಕುದುರಿತೆಂದು ತಂದೆ, ಕದ್ದು ಮೊದಲೇ ಸ್ವಲ್ಪ ಹಾಕಿದ್ದರಿಂದ ಎಂದು ಮಾವ, ಮದುವೆ ಊಟದ ಪಂಕ್ತಿಯಲ್ಲೂ ವಾದಿಸಿದರು. ಸಾಯುವವರೆಗೂ ಇಬ್ಬರೂ ಬಿಟ್ಟುಕೊಡಲಿಲ್ಲ. ಗಂಡನನ್ನು ನಾನೇ ಬಾಯಿಬಿಟ್ಟು ಕೇಳಿಕೊಂಡೆನೆಂದು ತಿಳಿದಿದ್ದರೆ, ಅದೊಂದು ದಿನವಾದರೂ ಇಬ್ಬರೂ ಒಂದಾಗಿ ನನ್ನನ್ನು ಬೈಯುತ್ತಿದ್ದರು.