ಮಸೇಸೆ ದಡದ ವೇಗದ ಬೌಲರ್

ಉಗಾಂಡಾದ ಜಿಂಜಾ ಪಟ್ಟಣದಂಚಿನ ಮಸೇಸೆ ದೋಣಿಕಟ್ಟೆಯಲ್ಲಿ ಬೆಳಕು ಹರಿಯುವ ಮುಂಚೆಯೇ ಮೀನು ವ್ಯಾಪಾರ ಶುರು. ಲೋಯ್ ನೈಗಾಗಾ ಎಂಬಾಕೆ ಸರೋವರದ ನೀರಿಗಿಳಿದು, ಕಿವಿರಿಗೆ ಬೆರಳು ತೂರಿಸಿ, ತೋಳುದ್ದದ ಮೀನೊಂದನ್ನು ದೋಣಿಯಿಂದ ಎಳೆದು ಹೆಗಲಿಗೇರಿಸುತ್ತಾಳೆ. ಒಂಬತ್ತು ವರ್ಷ ಉಗಾಂಡಾದ ಮಹಿಳಾ ತಂಡಕ್ಕೆ ಹೊಸ ಚೆಂಡು ಹಿಡಿದ ಬೆರಳುಗಳು ಇವೇ.

"ದೇಶಕ್ಕೆ ಆಡಿದೋಳು ಬಂದ್ಳು, ದಾರಿ ಬಿಡ್ರೋ!" ಪಕ್ಕದ ಹಲಗೆಯಲ್ಲಿ ಮೀನು ಕೊಯ್ಯುವ ಮುದುಕಿ ನಬಿರ್ಯೆ ಕಿಚಾಯಿಸುತ್ತಾಳೆ. "ನಿನ್ ದೇಶ ಒಂದು ಚೂರಿನಾದ್ರೂ ಮಸೆದು ಕೊಡ್ತೇನೇ?"

"ಕೊಟ್ಟಿದ್ರೆ ಮೊದ್ಲು ಯಾರ ಮೇಲೆ ಹಾಕ್ತಿದ್ದೆ ಅಂತ ನಿಂಗೆ ಗೊತ್ತಲ್ಲಜ್ಜಿ."

ಇಗಾಂಗಾದ ಶಾಲೆಯಲ್ಲಿ ಎತ್ತರ ಸಾಲದೆಂದು ನೆಟ್‌ಬಾಲ್ ತಂಡದಿಂದ ಹೊರಗಿಟ್ಟ ದಿನ, ಸಿಟ್ಟಿಗೆದ್ದು ಕ್ರಿಕೆಟ್ ಚೆಂಡು ಎತ್ತಿಕೊಂಡವಳು ಲೋಯ್. ಸಿಟ್ಟು ಅವಳ ಕೈಗೆ ಒಗ್ಗಿತು. ಗಂಡಸರ ತಂಡದ ಹಳೆಯ ಅಂಗಿಯ ತೋಳು ಮಡಚಿಕೊಂಡು, ಸೊಂಟಕ್ಕೆ ಪಿನ್ನು ಚುಚ್ಚಿಕೊಂಡು ದೇಶದೇಶ ಸುತ್ತಿ ಬೌಲ್ ಮಾಡಿದಳು. ವಿಶ್ವಕಪ್ಪಿನ ಅರ್ಹತಾ ಪಂದ್ಯಾವಳಿಯವರೆಗೆ ತಂಡವನ್ನು ಎಳೆದು ತಂದವರಲ್ಲಿ ಅವಳೇ ಮುಂದು.

ಆ ಪಂದ್ಯಾವಳಿ ವಿಂಡ್‌ಹುಕ್‌ನಲ್ಲಿ. ಚೀಲ ಹೊತ್ತು ಎಂಟೆಬೆ ವಿಮಾನ ನಿಲ್ದಾಣದ ಕೌಂಟರಿಗೆ ಹೋದಾಗ, ಪಟ್ಟಿಯಲ್ಲಿ ಹೆಸರಿಲ್ಲವೆಂದರು. ಇನ್ನೊಬ್ಬ ಬೌಲರಿಗೂ ಅದೇ ಉತ್ತರ. ಅವರಿಬ್ಬರ ಜಾಗಕ್ಕೆ, ಕ್ರಿಕೆಟ್ ಮಂಡಳಿಯ ದೊಡ್ಡ ಮನುಷ್ಯನೊಬ್ಬನ ನಾದಿನಿ ಹಿಂದಿನ ರಾತ್ರಿ 'ತಂಡದ ದಾದಿ'ಯಾಗಿದ್ದಳು. ಅವನ ಗೆಳೆಯ 'ಶಿಸ್ತಿನ ಅಧಿಕಾರಿ'. ಇಬ್ಬರೂ ಲೋಯ್ ಎದುರಿಗೇ ನಗುನಗುತ್ತಾ ವಿಮಾನದ ಕಡೆ ನಡೆದರು.

ನಿರ್ಣಾಯಕ ಪಂದ್ಯವನ್ನು ಅವಳು ಇದೇ ಹಲಗೆಯ ಮೇಲೆ, ರಕ್ತ ಮೆತ್ತಿದ ಫೋನಿನಲ್ಲಿ ನೋಡಿದಳು. ಇದ್ದ ಒಬ್ಬ ವೇಗಿಯ ತೊಡೆ ಹಿಡಿದುಕೊಂಡಿತು. ಕೊನೆಯ ಓವರಿಗೆ ಜನವಿಲ್ಲ. ನಾಯಕಿ, ಕೀಪರ್ ರೀಟಾ ಅಚೆಂಗ್ ಪ್ಯಾಡು ಬಿಚ್ಚಿಟ್ಟು ತಾನೇ ಬೌಲ್ ಮಾಡಿದಳು. ಸೋತರು. ಮೈದಾನದ ನಡುವೆ ಕುಸಿದು ಕೂತ ರೀಟಾಳನ್ನು ಕ್ಯಾಮೆರಾ ಬಿಡದೆ ತೋರಿಸಿತು.

"ಅವಳು ಅಳೋದು ನೋಡಿ ನಂಗೆ ಅಳು ಬರ್ಲಿಲ್ಲ. ಮೈಯೆಲ್ಲ ಉರೀತು," ಎನ್ನುತ್ತಾಳೆ ಲೋಯ್. ಮರುದಿನವೇ ಜಿಂಜಾದ ರೇಡಿಯೋ ಕೇಂದ್ರಕ್ಕೆ ಹೋಗಿ ದಾದಿಯ ಹೆಸರು, ಗೆಳೆಯನ ಹೆಸರು, ದೊಡ್ಡ ಮನುಷ್ಯನ ಹೆಸರು, ಮೂರನ್ನೂ ಹೇಳಿದಳು. ಮಂಡಳಿಯ ಮಾನ ಕಳೆದಳೆಂದು ಅವಳಿಗೆ ಎರಡು ವರ್ಷ ನಿಷೇಧ. ಮಾನ ಇದ್ದರಲ್ಲವೇ ಕಳೆಯುವುದು! ವಿಮಾನ ಹತ್ತಿದವರನ್ನು ಮಾತ್ರ ಇಂದಿಗೂ ಯಾರೂ ಒಂದು ಪ್ರಶ್ನೆ ಕೇಳಿಲ್ಲ.

ಈ ವರ್ಷ ಮತ್ತೊಂದು ಅರ್ಹತಾ ಪಂದ್ಯಾವಳಿ ಹತ್ತಿರವಾದಾಗ ಮಂಡಳಿಯ ಕಾರ್ಯದರ್ಶಿ ಇಸಬಿರ್ಯೆ ಮಸೇಸೆಗೆ ಬಂದ. ಹೊಳೆಯುವ ಬೂಟಿಗೆ ಮೀನಿನ ಲೋಳೆ ತಾಗದ ಹಾಗೆ ತುದಿಗಾಲಲ್ಲಿ ನಿಂತ.

"ನೋಡಮ್ಮಾ, ರೇಡಿಯೋದಲ್ಲಿ ತಪ್ಪಾಯ್ತು ಅಂತ ಒಂದ್ ಮಾತು ಹೇಳ್ಬಿಡು. ನಾಳೇನೇ ಶಿಬಿರಕ್ಕೆ ಬಾ."

"ತಪ್ಪಾಯ್ತು ಸಾಹೇಬ್ರೆ, ಕೌಂಟರಲ್ಲಿದ್ದ ಹುಡುಗಿ ಮೇಲೆ ಕೂಗಾಡಿದ್ದು. ಪಾಪ, ಅವಳು ಅವಳ ಕೆಲ್ಸ ಮಾಡ್ತಿದ್ಲು. ಅವಳನ್ನ ಕರ್ಕೊಂಡ್ ಬನ್ನಿ, ಕಾಲಿಗೆ ಬೀಳ್ತೀನಿ. ನಿಮ್ಗಲ್ಲ."

"ಹಟ ಮಾಡಿದ್ರೆ ವಯಸ್ಸು ಕಾಯಲ್ಲಮ್ಮ."

"ಗೊತ್ತು. ಅದನ್ನ ತಿಂದೋರು ನೀವೇ ಅಲ್ವಾ?"

ನಬಿರ್ಯೆ ಅಜ್ಜಿ ಬಕೆಟ್ಟಿನ ಕೊಳೆನೀರನ್ನು ಬೇಕೆಂದೇ ಆ ಕಡೆ ಚೆಲ್ಲಿದಳು. ಸಾಹೇಬರು ಹೊರಟರು.

ಸುದ್ದಿ ಕಂಪಾಲಾ ಮುಟ್ಟಿತು. ಶಿಬಿರದ ಮೊದಲ ಬೆಳಗ್ಗೆ ಲುಗೋಗೋ ಮೈದಾನಕ್ಕೆ ಒಬ್ಬ ಆಟಗಾರ್ತಿಯೂ ಇಳಿಯಲಿಲ್ಲ. ಕಾರಣ ಕೇಳಿದವರಿಗೆ ರೀಟಾ, "ನಮ್ ಬೌಲರ್ ಇನ್ನೂ ಬಂದಿಲ್ಲ, ಕಾಯ್ತಿದ್ದೀವಿ," ಎಂದಷ್ಟೇ ಹೇಳಿದಳು. ಮಂಡಳಿ ವಾರವಿಡೀ ಗದರಿಸಿತು, ಬೇರೆ ತಂಡ ಕಟ್ಟುತ್ತೇವೆಂದಿತು, ಕೊನೆಗೆ ಬಗ್ಗಿತು. ನಿಷೇಧ ರದ್ದಾಗಿದೆ. ಕಾರಣವಾಗಿ ಪತ್ರಿಕೆಗಳಿಗೆ ಕೊಟ್ಟಿರುವುದು ಎರಡೇ ಪದ: 'ಕನಿಕರದ ಮೇಲೆ'.

ಆ ಪದಕ್ಕೆ ಲೋಯ್ ಮತ್ತೆ ಕೆಂಡವಾಗಿದ್ದಾಳೆ. ನಾಳೆ ಕಂಪಾಲಾಕ್ಕೆ ಹೊರಡಬೇಕು. ಇವತ್ತಿನ ಮೀನು ಇನ್ನೂ ಅರ್ಧ ಉಳಿದಿದೆ. ಚೂರಿ ಆಡಿಸುತ್ತಲೇ, ತಲೆ ಎತ್ತದೆ ಹೇಳುತ್ತಾಳೆ:

"ಕನಿಕರ ಅಂತೆ! ನಾನು ಬೌಲರ್ ಕಣ್ರೀ. ನನ್ನ ಕಂಡ್ರೆ ಯಾರಿಗೂ ಕನಿಕರ ಬೇಡ, ಭಯ ಇದ್ರೆ ಸಾಕು. ಬ್ಯಾಟು ಹಿಡಿದೋರಿಗೂ ಅಷ್ಟೇ, ಕುರ್ಚಿ ಹಿಡಿದೋರಿಗೂ ಅಷ್ಟೇ."