ಮಹಡಿಯ ಮೇಲಿನ ಗಣರಾಜ್ಯ

ಹೊಳಲ್ಕೆರೆಯ ಕಾಲೇಜಿನಲ್ಲಿ ನಾನು ಇತಿಹಾಸದ ಮೇಷ್ಟ್ರಾಗಿದ್ದೆ. ಕ್ರಾಂತಿಯ ಹುರುಪಿನಲ್ಲಿ ಫ್ರಾನ್ಸು ತನ್ನ ಅಕ್ಕಪಕ್ಕ ಹುಟ್ಟುಹಾಕಿದ ಅಲ್ಪಾಯುಷಿ ಗಣರಾಜ್ಯಗಳ ಪಾಠ ಬಂದರೆ ತರಗತಿ ಆಕಳಿಸುತ್ತಿತ್ತು. ಬಾವುಟ ಅವರದೇ, ಸಂವಿಧಾನ ಅವರದೇ, ಅಪ್ಪಣೆ ಮಾತ್ರ ಪ್ಯಾರಿಸ್ಸಿನದು. ಅದು ನನಗೂ ಪೂರ್ತಿ ಅರ್ಥವಾದದ್ದು ನಿವೃತ್ತಿಯ ನಂತರ, ನಮ್ಮ ಮನೆಯಲ್ಲೇ.

ಸೊಸೆ ತನ್ನದೇ ಅಡುಗೆಮನೆ ಬೇಕೆಂದಳು. ನನ್ನ ಹೆಂಡತಿ ಉದಾರವಾಗಿ ಮಹಡಿಯ ಮೇಲೆ ಒಲೆ ಇಡಿಸಿ, ಹಾಲುಕ್ಕಿಸಿ, ಸ್ವಾತಂತ್ರ್ಯ ಘೋಷಿಸಿದಳು. ಸಾರಿನ ಪುಡಿ ಮಾತ್ರ ಕೆಳಗಿನಿಂದಲೇ ಹೋಗಬೇಕು. ಅದರ ಜೊತೆಗೇ ಇವತ್ತು ಯಾವ ಸಾರು ಎಂಬ ಆದೇಶವೂ ಹೋಗುತ್ತಿತ್ತು. ಒಂದು ದಿನ ಸೊಸೆ ತಾನೇ ಮೆಣಸಿನಕಾಯಿ, ಧನಿಯಾ ಹುರಿದು, ಮಿಲ್ಲಿನಲ್ಲಿ ಪುಡಿ ಮಾಡಿಸಿಕೊಂಡು ಬಂದಳು. ಇದು ಬಂಡಾಯ.

ಆ ಗಣರಾಜ್ಯಗಳಲ್ಲಿ ಒಂದಾದ ಹಾಲೆಂಡಿನ ಮೇಲೆ ನಂಬಿಕೆ ಹೋದಾಗ ಫ್ರೆಂಚ್ ಚಕ್ರವರ್ತಿ ಅಲ್ಲಿ ತನ್ನ ತಮ್ಮನನ್ನೇ ರಾಜನಾಗಿ ಕೂರಿಸಿದ. ನನ್ನ ಹೆಂಡತಿ ಹೊಸದುರ್ಗದಿಂದ ತಂಗಿಯನ್ನು ಕರೆಸಿ ಮಹಡಿಯ ಒಲೆಯ ಉಸ್ತುವಾರಿಗೆ ಇರಿಸಿದಳು. ಆ ತಮ್ಮ ಕೊನೆಗೆ ಹಾಲೆಂಡಿನವರ ಪಕ್ಷವನ್ನೇ ವಹಿಸಿದನೆಂದು ನಾನು ಎಚ್ಚರಿಸಿದೆ.

"ಪಾಠ ಮಾಡಿದ್ದು ಕಾಲೇಜಿನಾಗೇ ಸಾಕು, ಸುಮ್ನೆ ಕುಂತ್ಕಳ್ರಿ," ಎಂದಳು.

ವಾರ ಕಳೆದ ಮೇಲೆ ಅವಳು ಡಬ್ಬಿ ಹಿಡಿದು ಮೆಟ್ಟಿಲ ಬುಡದಲ್ಲಿ ನಿಂತು ತಂಗಿಯನ್ನು ಕೂಗಿದಳು: "ಲೇ, ಪುಡಿ ಇಲ್ಲೈತೆ, ತಗಂಡು ಹೋಗು!"

"ಬ್ಯಾಡ ಕಣಕ್ಕ, ಇವಳ ಪುಡೀನೇ ಚೆನ್ನಾಗೈತೆ. ಮುದ್ದೆ ಬಿಸಿ ಐತೆ, ನೀನೇ ಮ್ಯಾಲೆ ಬಾ."

ತಮ್ಮ ಹೀಗೆ ತಿರುಗಿಬಿದ್ದಾಗ ಚಕ್ರವರ್ತಿ ಸಿಟ್ಟಿನಿಂದ ಹಾಲೆಂಡನ್ನೇ ನುಂಗಿಹಾಕಿದ್ದ. ನನ್ನ ಹೆಂಡತಿ ಡಬ್ಬಿಯನ್ನು ಅಲ್ಲೇ ಇಟ್ಟು, ಮೆಟ್ಟಿಲು ಹತ್ತಿದಳು.