ಅಡ್ಡಹೆಸರು ಮೊದಲು, ಆಮೇಲೆ ಅಲ್ಪವಿರಾಮ

ಮದುವೆಯ ಆಮಂತ್ರಣ ಪತ್ರಿಕೆ ಕೈಗೆ ಬಂದರೆ ಎಲ್ಲರೂ ಮುಹೂರ್ತ ಯಾವಾಗ, ಊಟ ಎಲ್ಲಿ ಎಂದು ನೋಡುತ್ತಾರೆ. ನಾನು ಅಲ್ಪವಿರಾಮ ನೋಡುತ್ತೇನೆ. ಇದು ಹುಟ್ಟುಗುಣವಲ್ಲ, ಧಾರವಾಡದ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳ ಕಿರುಪ್ರಬಂಧಗಳನ್ನು ತಿದ್ದುತ್ತ ತಿದ್ದುತ್ತ ಅಂಟಿಸಿಕೊಂಡ ಚಟ. ಸಪ್ತಾಪುರದ ನಮ್ಮ ಮನೆಯಲ್ಲಿ ಕಿರಾಣಿ ಚೀಟಿಯನ್ನೂ ಅಕಾರಾದಿಯಾಗಿಯೇ ಬರೆಯುತ್ತೇನೆ. ಅವಲಕ್ಕಿ ಮೊದಲು, ಹುಣಸೆಹಣ್ಣು ಕೊನೆಗೆ. ಯಜಮಾನರು ಪ್ರತಿ ಸಲ ಹುಣಸೆಹಣ್ಣು ಮರೆತು ಬರುತ್ತಾರೆ ಎಂಬುದು ಬೇರೆ ಮಾತು.

ನಮ್ಮ ಕಾಲೇಜು ಒಪ್ಪಿಕೊಂಡಿರುವ ಉಲ್ಲೇಖ ಶೈಲಿ ಕಡಲಾಚೆಯಿಂದ ಬಂದದ್ದು. ಪ್ರಬಂಧದ ಕೊನೆಯಲ್ಲಿ ಆಧಾರಗಳ ಪಟ್ಟಿ ಇರಬೇಕು. ಅದರಲ್ಲಿ ಅಡ್ಡಹೆಸರು ಮೊದಲು, ಆಮೇಲೆ ಅಲ್ಪವಿರಾಮ, ಆಮೇಲೆ ಸ್ವಂತ ಹೆಸರಿನ ಮೊದಲಕ್ಷರ, ಒಂದು ಚುಕ್ಕೆ, ಕಂಸದಲ್ಲಿ ವರ್ಷ. ಎರಡನೆಯ ಸಾಲು ತುಸು ಒಳಗೆ ಸರಿಯಬೇಕು, ಬೀಗರ ಮುಂದೆ ಹೊಸ ಸೊಸೆ ಸರಿದು ನಿಂತ ಹಾಗೆ. ಇದನ್ನು ಮಾಡಿದವರು ಹುಬ್ಬಳ್ಳಿ-ಧಾರವಾಡ ಕಂಡವರಲ್ಲ, ಆದರೂ ನಮ್ಮ ಅಳತೆಗೇ ಹೊಲಿದಂತಿದೆ. ಅಡ್ಡಹೆಸರಿಲ್ಲದ ಮನುಷ್ಯ ಇಲ್ಲಿ ಸಿಗುವುದು ಕಷ್ಟ. ನನ್ನ ಒಂದೇ ತರಗತಿಯಲ್ಲಿ ಉಳ್ಳಾಗಡ್ಡಿ, ಕಡ್ಲಿ, ತುಪ್ಪದ ಎಲ್ಲರೂ ಇದ್ದಾರೆ. ಹಾಜರಿ ಕರೆಯುವಷ್ಟರಲ್ಲಿ ಹಸಿವಾಗುತ್ತದೆ. ಪಾಪ, ಮೈಸೂರು ಕಡೆಯಿಂದ ಬಂದ ಸಹೋದ್ಯೋಗಿಯೊಬ್ಬರಿಗೆ ಎರಡು ಇನಿಶಿಯಲ್ಲು, ಒಂದು ಹೆಸರು, ಅಷ್ಟೇ. ನಮ್ಮ ಗುಮಾಸ್ತರು ಅವರ ಅಡ್ಡಹೆಸರು ಕೇಳುವುದನ್ನು ಬಿಟ್ಟಿಲ್ಲ. ಅವರೂ ಊರ ಹೆಸರು ಹೇಳಿ ಪಾರಾಗುವುದನ್ನು ಬಿಟ್ಟಿಲ್ಲ.

ಈ ಶೈಲಿಗೆ ಎದುರು ನಿಂತವಳು ಶಬಾನಾ. ಹುಬ್ಬಳ್ಳಿಯ ಗೋಪನಕೊಪ್ಪದಿಂದ ಬಸ್ಸಿಗೆ ಬರುವ ಹುಡುಗಿ. ಹಳೆಯ ಸೀರೆ, ಅಂಗಿಗಳ ತುಂಡು ಜೋಡಿಸಿ ನಮ್ಮ ಕಡೆ ಹೊಲಿಯುವ ಕೌದಿಯ ಮೇಲೆ ಪ್ರಬಂಧ ಬರೆದಿದ್ದಳು. ಹೇಳಿಕೊಟ್ಟವರು ಅವಳ ಅಜ್ಜಿ, ಅವಳು ದಾದಿ ಎಂದು ಕರೆಯುವ ಬೀಬಿಜಾನ್ ಸವಣೂರ. ಪಟ್ಟಿಯಲ್ಲಿದ್ದ ಅಜ್ಜಿಯ ಹೆಸರಿನ ಮೇಲೆ ನಾನು ಕೆಂಪು ಗೆರೆ ಎಳೆದೆ. ಮನೆಯಲ್ಲಿ ಕೂತು ಆಡಿದ ಮಾತನ್ನು ಓದುಗರು ಹುಡುಕಿ ನೋಡಲಾಗುವುದಿಲ್ಲ. ಆದ್ದರಿಂದ ಅದು ಪಟ್ಟಿಗೆ ಸೇರದು, ಪ್ರಬಂಧದೊಳಗೆ ಕಂಸದಲ್ಲಿ ಇದ್ದರೆ ಸಾಕು, ಇದು ನಿಯಮ ಎಂದೆ.

ಶಬಾನಾ ಪ್ರಬಂಧವನ್ನು ಎತ್ತಿ ಚೀಲಕ್ಕೆ ಹಾಕಿಕೊಂಡಳು. "ಹಂಗಾರ ನಾ ಇದನ್ನ ಕೊಡೂದಿಲ್ರಿ ಮೇಡಂ. ದಾದಿ ಹೇಳಿದ್ದಕ್ಕ ಇಷ್ಟು ಬರದೇನಿ. ಅಕೀನ್ನ ಕಂಸದಾಗ ಕುಂಡ್ರಿಸಿ ನಾ ಮನಿಗೆ ಹ್ಯಾಂಗ ಹೋಗ್ಲಿ?"

ಕೊಡದಿದ್ದರೆ ಅವಳು ನಪಾಸಾಗುತ್ತಿದ್ದಳು. ಅಲ್ಪವಿರಾಮಗಳ ಬಗ್ಗೆ ನನಗೆಷ್ಟೇ ಭಕ್ತಿಯಿದ್ದರೂ ಅದು ಅಷ್ಟು ದೂರ ಹೋಗುವುದಿಲ್ಲ. ನಿಯಮಾವಳಿಯನ್ನು ಮತ್ತೆ ತಿರುವಿ ಹಾಕಿದಾಗ ದಾರಿ ಸಿಕ್ಕಿತು. ಅಜ್ಜಿಯ ಮಾತನ್ನು ಧ್ವನಿಮುದ್ರಿಸಿ ಗ್ರಂಥಾಲಯದಲ್ಲಿ ಇಟ್ಟರೆ ಯಾರು ಬೇಕಾದರೂ ಕೇಳಬಹುದು. ಆಗ ಹೆಸರು ಪಟ್ಟಿಗೆ ಸೇರುತ್ತದೆ. ಅಲ್ಲಿಗೆ ಸುಮ್ಮನಿರಬೇಕಿತ್ತು. ಪ್ರಬಂಧದಲ್ಲಿ 'ಮುಮ್ಮೂಲೆ ತುಂಡುಗಳ ಈ ಅಂಚು ನಮ್ಮ ಅಜ್ಜಿಯದೇ ಕಲ್ಪನೆ' ಎಂಬ ವಾಕ್ಯವಿತ್ತು. ಪಕ್ಕದಲ್ಲಿ 'ಇನ್ನೊಂದು ಆಧಾರ ಬೇಕು' ಎಂದು ಗೀಚಿದೆ. ಹುಬ್ಬಳ್ಳಿಯ ಇನ್ನೊಂದು ತುದಿಯ ಗಬ್ಬೂರಿನಲ್ಲಿ ಗಂಗವ್ವ ಮೆಣಸಿನಕಾಯಿ ಎಂಬವರಿದ್ದಾರೆ, ಮೊದಲು ತಮ್ಮ ಪಕ್ಕದ ಮನೆಯಲ್ಲೇ ಇದ್ದರು, ಅಂಚು ತನ್ನದೆಂದು ಅವರೂ ಹೇಳುತ್ತಾರೆ ಎಂದು ಶಬಾನಾ ತಡವರಿಸಿದಳು. ಇಬ್ಬರನ್ನೂ ಕರೆದುಕೊಂಡು ಬಾ ಎಂದೆ. ಇದೇ ಅಂಚಿನ ಜಗಳಕ್ಕೆ ಇಬ್ಬರೂ ಮಾತು ಬಿಟ್ಟು ವರ್ಷಗಳಾಗಿವೆ ಎಂದು ಅವಳು ನನಗೆ ಹೇಳಿದ್ದು, ಅವರು ನಮ್ಮ ವಿಭಾಗದ ಬೆಂಚಿನ ಎರಡು ತುದಿಗೆ ಕೂತ ಮೇಲೆ.

ಇಬ್ಬರೂ ನನ್ನೊಂದಿಗೆ ಛಲೋ ಮಾತಾಡಿದರು, ಒಬ್ಬರೊಂದಿಗೊಬ್ಬರು ಇಲ್ಲ. ಒಬ್ಬೊಬ್ಬರದೂ ಬೇರೆ ಬೇರೆ ಧ್ವನಿಮುದ್ರಣ, ಪಟ್ಟಿಯಲ್ಲಿ ಇಬ್ಬರ ಹೆಸರೂ ಇರುತ್ತದೆ ಎಂದು ಸಮಾಧಾನ ಹೇಳಿದೆ. ಯಾರದು ಮೇಲೆ ಎಂದು ಬೀಬಿಜಾನ್ ಕೇಳಿದರು. ವರ್ಣಮಾಲೆಯ ಪ್ರಕಾರ ಮೆಣಸಿನಕಾಯಿ ಮೊದಲು, ಸವಣೂರ ಆಮೇಲೆ ಎಂದೆ. ವರ್ಣಮಾಲೆಯ ಜೊತೆ ಯಾರು ಜಗಳವಾಡುತ್ತಾರೆ ಎಂಬ ಧೈರ್ಯ ನನಗೆ.

ಬೀಬಿಜಾನ್ ನನ್ನ ಪೆನ್ನಿನ ಕಡೆ ಬೆರಳು ಮಾಡಿದರು. "ಹಂಗಾರ ನನ್ನ ಹೆಸರು ಅತ್ತಾರ ಅಂತ ಬರಕೋರಿ. ಸವಣೂರ ಅನ್ನೂದು ಲಗ್ನ ಆದ ಮ್ಯಾಲ ಬಂದದ್ದು. ನಾ ಹುಟ್ಟಿದ್ದು ಅತ್ತಾರ ಮನ್ಯಾಗ."

ಹೊಡೆದುಹಾಕಿ ಬರೆದುಕೊಂಡೆ. ಗಂಗವ್ವ ಸೆರಗು ಸರಿಮಾಡಿಕೊಂಡರು. "ನಂದೂ ತವರಮನಿ ಹೆಸರ ಹಾಕ್ರಿ ಬಾಯಾರ. ಅಕ್ಕಿ."

ಬೀಬಿಜಾನ್ ಬೆರಳು ಮಡಚುತ್ತ ಕಕಾರದಿಂದ ತಕಾರದವರೆಗೆ ಮೆಲ್ಲಗೆ ಎಣಿಸಿದರು. ಎರಡೂ ಹೆಸರಿಗೆ ಮೊದಲಕ್ಷರ ಅಕಾರವೇ, ಎರಡನೆಯ ಅಕ್ಷರದಲ್ಲಿ ಅಕ್ಕಿಯೇ ಮುಂದೆ. ಎಣಿಕೆ ಮುಗಿದ ಮೇಲೆ ಅವರು ಮೊದಲ ಬಾರಿಗೆ ಬೆಂಚಿನ ಆ ತುದಿಗೆ ಮುಖ ತಿರುಗಿಸಿದರು.

"ಅಷ್ಟು ವರ್ಷ ಮಗ್ಗಲ ಮನ್ಯಾಗ ಇದ್ದು, ನೀ ಅಕ್ಕಿ ಅವರ ಮಗಳು ಅಂತ ನನಗ ಗೊತ್ತಿರಲಿಲ್ಲ ನೋಡು."

"ನೀ ಕೇಳಲಿಲ್ಲ," ಎಂದರು ಗಂಗವ್ವ. ಆಮೇಲೆ ತಾವೇ, "ನಾನರ ಎಲ್ಲಿ ಕೇಳೇನಿ," ಎಂದರು.

ಆಮೇಲೆ ನನಗೆ ಅಲ್ಲಿ ಕೆಲಸವಿರಲಿಲ್ಲ. ತವರುಮನೆಗಳ ಅಂಗಳ, ಅಣ್ಣತಮ್ಮಂದಿರು, ಲಗ್ನವಾಗಿ ಬಂದ ದಿನ ಯಾರು ಹೆಚ್ಚು ಅತ್ತಿದ್ದು, ಎಲ್ಲ ಬಂತು. ಚಹಾ ತರಿಸಿದೆ, ಆರಿತು, ಇನ್ನೊಮ್ಮೆ ತರಿಸಿದೆ. ಕಡೆಗೆ ಒಬ್ಬೊಬ್ಬರನ್ನೇ ಒಳಗೆ ಕರೆದು ಮೊಬೈಲು ಮುಂದಿಟ್ಟು ಅಂಚು ಯಾರದೆಂದು ಕೇಳಿದೆ. ಇಬ್ಬರದೂ ಅಂತ ಬರೆಯಿರಿ, ಆದರೆ ಹೆಚ್ಚು ಹೊಲಿದವಳು ನಾನು ಎಂದರು ಬೀಬಿಜಾನ್. ಇಬ್ಬರದೂ ಹೌದು, ಬಣ್ಣ ಆರಿಸಿದವಳು ಮಾತ್ರ ನಾನು ಎಂದರು ಗಂಗವ್ವ. ಸಂಶೋಧನೆಯಲ್ಲಿ ಇದಕ್ಕೆ ಭಿನ್ನಾಭಿಪ್ರಾಯ ಎನ್ನುತ್ತೇವೆ; ಶಬಾನಾ ಹಾಗೆಯೇ ಬರೆದಳು.

ಪ್ರಬಂಧ ಪಾಸಾಯಿತು. ಅದರ ಪಟ್ಟಿಯಲ್ಲಿ ದೊಡ್ಡ ದೊಡ್ಡ ವಿದ್ವಾಂಸರಿದ್ದಾರೆ. ಆದರೆ ಅಕ್ಕಿಗೂ ಅತ್ತಾರಕ್ಕೂ ನಡುವೆ ನುಗ್ಗುವಂಥ ಅಡ್ಡಹೆಸರು ಅವರಲ್ಲಿ ಯಾರಿಗೂ ಇರಲಿಲ್ಲ. ಹೀಗಾಗಿ ಗಬ್ಬೂರು ಒಂದು ಕಡೆ, ಗೋಪನಕೊಪ್ಪ ಒಂದು ಕಡೆಯಾದರೂ, ಆ ಪುಟದಲ್ಲಿ ಇಬ್ಬರೂ ಮತ್ತೆ ಮಗ್ಗಲು ಮನೆಯವರು. ನಡುವೆ ಗೋಡೆ ಕೂಡ ಇಲ್ಲ.